ನಾಲ್ಕಕ್ಕೆ ಹಾಕಿದ ಕೀಲಿ

"ಇದಕ್ಕ ಕೀಲಿ ಹಾಕಿದವ್ರು ಯಾರು?"

ನೀಲಾ ರಿಮೋಟನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಚಹಾದ ಕಪ್ಪು ಬಸಿಯೊಳಗೇ ಕುಣಿಯಿತು. ಆಚೆ ಕೂತಿದ್ದ ಮಹಾಬಳೇಶ್ವರ ಮೊದಲು ಚೆಲ್ಲಿದ ಚಹಾ ನೋಡಿದ, ಆಮೇಲೆ ರಿಮೋಟು ನೋಡಿದ, ಎಲ್ಲಕ್ಕೂ ಕೊನೆಗೆ ಅವಳ ಮುಖ ನೋಡಿದ. ಆ ಸರದಿಗೇ ಅವಳ ಮೈ ಉರಿದುಹೋಯಿತು.

"ನಾನ ಹಾಕೇನಿ."

ಅಷ್ಟೇ. ಮಾತು ಮುಗಿಸಿದವನಂತೆ ಕರವಸ್ತ್ರ ತೆಗೆದು ಚಹಾ ಒರೆಸತೊಡಗಿದ.

ಅವತ್ತು ಮುಂಡಗೋಡದ ಸಂತೆ. ಬಸ್ ಸ್ಟ್ಯಾಂಡಿನ ಹಿಂದಿನ ನರ್ಸಿಂಗ್ ಹೋಮಿನಲ್ಲಿ ಒಂದು ಸಣ್ಣ ಕೋಣೆ. ಮೈಯೊಳಗೆ ಯಂತ್ರ ಕೂರಿಸಿಕೊಂಡವರನ್ನು ತಪಾಸಣೆ ಮಾಡಲು, ಅದನ್ನು ತಯಾರಿಸುವ ಕಂಪನಿಯ ಈ ಮನುಷ್ಯ ತಿಂಗಳಿಗೊಮ್ಮೆ ಅಲ್ಲಿಗೆ ಬರುತ್ತಿದ್ದ. ಊರು ಹಳಿಯಾಳ. ಒಂದು ವಾರ ದಾಂಡೇಲಿ, ಒಂದು ವಾರ ಮುಂಡಗೋಡ, ಹೀಗೆ ಬೈಕಿನ ಮೇಲೆ ತಿರುಗುವ ಕೆಲಸ. ಜನ ಅವನನ್ನು ಇಂಜಿನಿಯರ್ ಅನ್ನುತ್ತಿದ್ದರು. ನೀಲಾ ಮನಸ್ಸಿನೊಳಗೆ ಅನ್ನುತ್ತಿದ್ದ ಹೆಸರು ಇಲ್ಲಿ ಬರೆಯುವಂಥದ್ದಲ್ಲ.

ಅವಳ ಬಲ ಸೊಂಟದ ಮೇಲ್ಭಾಗದಲ್ಲಿ, ಚರ್ಮದ ಕೆಳಗೆ, ಬೆಂಕಿಪೊಟ್ಟಣದಷ್ಟು ಒಂದು ಯಂತ್ರವಿತ್ತು. ಅದರಿಂದ ಎರಡು ತೆಳು ತಂತಿಗಳು ಬೆನ್ನುಹುರಿಯವರೆಗೆ ಹೋಗಿದ್ದವು. ಎರಡು ವರ್ಷದ ಹಿಂದೆ ಬಟ್ಟೆಯ ಗಂಟುಗಳ ಜೊತೆ ತನ್ನೂರು ಪಾಳಾಕ್ಕೆ ಮರಳುವಾಗ ಟೆಂಪೋ ಮಗುಚಿ ಅವಳ ಬೆನ್ನಿಗೆ ಪೆಟ್ಟಾಗಿತ್ತು. ಎರಡು ಆಪರೇಷನ್ ಆದರೂ ಬಲಗಾಲಿನ ಉರಿ ಮಾತ್ರ ಆರಲಿಲ್ಲ. ಈ ಯಂತ್ರ ಸಣ್ಣಗೆ ಕರೆಂಟು ಬಿಟ್ಟು ಉರಿಯ ಜಾಗದಲ್ಲಿ ಜುಮುಜುಮು ತುಂಬುತ್ತಿತ್ತು. ರಿಮೋಟಿನ ಬಟನ್ ಒತ್ತಿ ಸೊನ್ನೆಯಿಂದ ಹತ್ತರವರೆಗೆ ಅವಳೇ ಏರಿಸಿ ಇಳಿಸಿಕೊಳ್ಳಬಹುದಿತ್ತು.

ಹೌದು... ಬಹುದಿತ್ತು. ಹೋದ ತಿಂಗಳ ತಪಾಸಣೆ ಆದಾಗಿನಿಂದ ಅಂಕಿ ನಾಲ್ಕಕ್ಕೆ ಬಂದರೆ ರಿಮೋಟು ಪೀಂ ಎಂದು ಕೂಗಿ ನಿಂತುಬಿಡುತ್ತಿತ್ತು.

ನಾಲ್ಕರಲ್ಲಿ ಅವಳು ಹೊಲಿಗೆ ಮಶೀನಿನ ಮುಂದೆ ಹತ್ತು ನಿಮಿಷ ಕೂರಲಾರಳು. ಟಿಬೆಟನ್ ಕಾಲೊನಿಯ ಲಾಮಾಗಳು ಉಡುವ ಕೆಂಪು ಬಟ್ಟೆಯ ನಿರಿಗೆ ಕೂರಿಸುವುದರಲ್ಲಿ ನೀಲಾಳ ಕೈಗೆ ಹೆಸರಿತ್ತು. ಆ ಮಶೀನೊಂದು ಇಲ್ಲದಿದ್ದರೆ ಅವಳು ಅಣ್ಣನ ಮನೆಯ ಮೂಲೆಯಲ್ಲಿ ಮಲಗಿ ಉಣ್ಣುವ ರೋಗಿ. ಇದ್ದರೆ ನೀಲಾ ಟೇಲರ್. ಇಷ್ಟೇ ಲೆಕ್ಕ.

"ಯಾಕ ಹಾಕಿದ್ರಿ?"

"ಹಾಕಬೇಕಾಗಿತ್ತು, ಹಾಕೇನಿ. ಡಾಕ್ಟರೂ ಹೂಂ ಅಂದಾರ."

"ಮೈ ನಂದು. ಉರಿ ನಂದು. ಕೀಲಿ ಮಾತ್ರ ನಿಮ್ಮ ಕೈಯಾಗೇನು?"

ಅವನು ರಿಮೋಟನ್ನು ತನ್ನ ಟ್ಯಾಬಿಗೆ ಜೋಡಿಸಿದ. ಪರದೆಯ ಮೇಲೆ ಸಾಲು ಸಾಲಾಗಿ ಏನೋ ಮೂಡಿತು. ಅವಳು ದಿನಾ ಹನ್ನೊಂದು ಗಂಟೆಗೆ, ಮತ್ತೆ ಮೂರು ಗಂಟೆಗೆ, ನಲವತ್ತು ನಲವತ್ತು ಸಲ ಬಟನ್ ಒತ್ತಿದ್ದಾಳೆ ಎಂದು ಓದಿ ಹೇಳಿದ. ಹೋದ ಗುರುವಾರ ಐವತ್ತಾರು ಸಲ.

ನೀಲಾಳ ಕೆನ್ನೆ ಕೆಂಪೇರಿತು. ಗುರುವಾರ ಅವಳು ಮಶೀನಿನ ಮೇಲೆ ತಲೆಯಿಟ್ಟು ಅತ್ತಿದ್ದಳು. ಅವ್ವನಿಗೂ ಗೊತ್ತಿರದ ಆ ಗುರುವಾರ ಇವನ ಪರದೆಯ ಮೇಲೆ ಅಂಕಿಯಾಗಿ ಕೂತಿತ್ತು! 

ಅಷ್ಟರಲ್ಲಿ ನರ್ಸ್ ಬಂದು ಯಂತ್ರದ ಜಾಗ ನೋಡಿ, ಅವಳ ಸೊಂಟದ ಮೇಲೆ ಕೆಂಪು ಬರೆ ಎದ್ದಿದೆ ಎಂದಳು. ಮಹಾಬಳೇಶ್ವರ ಚಾರ್ಜಿಂಗ್ ಬೆಲ್ಟ್ ತೋರಿಸಲು ಹೇಳಿದ. ಚರ್ಮದೊಳಗಿನ ಯಂತ್ರಕ್ಕೆ ದಿನಾ ಹೊರಗಿನಿಂದಲೇ ಚಾರ್ಜ್ ಕೊಡಬೇಕು. ತಂತಿ ಚುಚ್ಚುವಂತಿಲ್ಲ, ದುಂಡನೆಯ ಒಂದು ಬಿಲ್ಲೆಯನ್ನು ಅದರ ನೇರಕ್ಕೆ ಒತ್ತಿ ಕಟ್ಟಿಕೊಂಡು ತಾಸು ಕೂರಬೇಕು. ಬಿಲ್ಲೆ ಜಾರಿದರೆ ಚಾರ್ಜರ್ ಕೂಗುತ್ತದೆ, ಸರಿಯಾಗಿ ಕೂತರೆ ಸುಮ್ಮನಾಗುತ್ತದೆ. ಕಂಪನಿ ಕೊಟ್ಟ ಬೆಲ್ಟ್ ನೀಲಾಳ ಸಣ್ಣ ಸೊಂಟಕ್ಕೆ ನಿಲ್ಲುತ್ತಲೇ ಇರಲಿಲ್ಲ. ಅದಕ್ಕೇ ಅವಳು ಲಾಮಾಗಳ ಬಟ್ಟೆಯಲ್ಲಿ ಉಳಿದ ಕೆಂಪು ತುಂಡಿನಿಂದ ತಾನೇ ಒಂದು ಬೆಲ್ಟ್ ಹೊಲಿದುಕೊಂಡಿದ್ದಳು. ಬಿಲ್ಲೆಗೆ ಅಳತೆಯ ಕಿಸೆ, ಎರಡು ಸಾಲು ಹೊಲಿಗೆ, ಹಿಂದೆ ಆರು ಹುಕ್ಕು.

ಅವನು ಅದನ್ನು ತಿರುಗಿಸಿ ಮರುಗಿಸಿ ನೋಡಿದ. ಹುಕ್ಕಿನ ಮೇಲೆ ಬೆರಳಾಡಿಸಿದ.

"ಇದನ್ನ ಹಾಕ್ಕೋಬ್ಯಾಡ್ರಿ. ಕಂಪನೀದ ಹಾಕ್ಕೋರಿ," ಎಂದವನೇ ಅದನ್ನು ಮಡಿಚಿ ತನ್ನ ಚೀಲದೊಳಗೆ ಇಟ್ಟುಕೊಂಡ.

ಕೀಲಿಯೂ ಹಾಕಿದ, ಬೆಲ್ಟನ್ನೂ ಕಸಿದ. ನೀಲಾ ರಿಮೋಟು ಕಿತ್ತುಕೊಂಡು ಹೊರನಡೆದಳು.

ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ಕಿಟಕಿಯಿಂದ ಕಂಡದ್ದು ಅವಳನ್ನು ಇನ್ನಷ್ಟು ಕೆಡಿಸಿತು. ಜೊತೆಗೆ ಬಂದಿದ್ದ ಅವಳ ಅಣ್ಣ ಶೇಖಪ್ಪ ಅದೇ ಮನುಷ್ಯನ ಎದುರು ನಿಂತು ಏನೋ ಕೇಳುತ್ತಿದ್ದ. ಅವನು ತಲೆಯಾಡಿಸುತ್ತಿದ್ದ.

ಪಾಳಾದ ಬಸ್ಸಿನಲ್ಲಿ ಶೇಖಪ್ಪ ತಂಗಿಯ ಮುಖ ನೋಡದೆ ಹೇಳಿದ. "ಹೊಲಿಗಿ ಬಿಡು ಇನ್ನ. ಇಂಜಿನಿಯರ್ ಅವ್ರ ಹೇಳ್ಯಾರ. ದಸರಾ ಮುಗೀಲಿ, ಮಶೀನ ಬಂಕಾಪುರಕ್ಕ ಕೊಟ್ಟು ಬರ್ತೇನಿ."

ಬಂಕಾಪುರದಲ್ಲಿ ಅವನ ನಾದಿನಿಯಿದ್ದಳು. ನೀಲಾ ಕಿಟಕಿಯ ಸರಳು ಹಿಡಿದು ಹೊರಗಿನ ಗೋವಿನಜೋಳದ ಹೊಲಗಳನ್ನು ನೋಡಿದಳು. 'ಹೇಳ್ಯಾನ? ನನಗ ಒಂದು ಕಾರಣ ಹೇಳದವ, ನಮ್ಮಣ್ಣಗ ನನ್ನ ಬದುಕ ಮುಗಿಸು ಅಂತ ಹೇಳ್ಯಾನ?'

* * *

ನಿಜ ಹೇಳಬೇಕೆಂದರೆ ಆ ದ್ವೇಷದ ಬುಡದಲ್ಲಿ ಬೇರೊಂದು ನೆನಪಿತ್ತು.

ಐದು ತಿಂಗಳ ಹಿಂದೆ, ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ, ಯಂತ್ರವನ್ನು ಮೊದಲ ಸಲ ಚಾಲೂ ಮಾಡಿದವನು ಇವನೇ. ಒಂದು, ಒಂದೂವರೆ, ಎರಡು... ಅಂಕಿ ಏರುತ್ತ ಏರುತ್ತ ಕಾಲಿನ ಉರಿ ಮೆಲ್ಲಗೆ ಕರಗಿ ಅಲ್ಲಿ ಜುಮುಜುಮು ತುಂಬಿತ್ತು. ಒಂದೂವರೆ ವರ್ಷದಲ್ಲಿ ಮೊದಲ ಬಾರಿ ತನ್ನ ಕಾಲು ತನ್ನದೆನಿಸಿ ನೀಲಾ ಬಿಕ್ಕಿ ಬಿಕ್ಕಿ ಅತ್ತಿದ್ದಳು. ಅವನು ಸಮಾಧಾನ ಹೇಳಲಿಲ್ಲ. ಎದ್ದು ಹೋಗಿ ಕಿಟಕಿಯ ಕಡೆ ಮುಖ ಮಾಡಿ ನಿಂತ. ಅವಳ ಅಳು ಪೂರಾ ಮುಗಿಯುವವರೆಗೆ ನಿಂತೇ ಇದ್ದ. ಆಮೇಲೆ ರಿಮೋಟನ್ನು ಅವಳ ಅಂಗೈಯಲ್ಲಿಟ್ಟು, "ಇನ್ನ ಇದು ನಿಮ್ಮ ಕೈಯಾಗ ಐತಿ," ಎಂದಿದ್ದ.

ಆ ಮಾತನ್ನು ಅವಳು ಎಷ್ಟು ಸಲ ನೆನೆದಿದ್ದಳೋ ಯಾವ ಟ್ಯಾಬಿನಲ್ಲೂ ದಾಖಲಾಗಿರಲಿಲ್ಲ. ಅದೇ ಮನುಷ್ಯ ಕೀಲಿ ಹಾಕಿದಾಗ ನೋವಾಗದೆ ಇರುತ್ತದೆಯೇ?

ಈಗ ಅವರ ನಡುವೆ ಉಳಿದದ್ದು ಭಾನುವಾರದ ಮೆಸೇಜು ಮಾತ್ರ. ಅವನು ಕೇಳುತ್ತಿದ್ದ: "ಚಾರ್ಜ್ ಎಷ್ಟು ತುಂಬೇತಿ?" ಅವಳು ಅಂಕಿ ಕಳಿಸುತ್ತಿದ್ದಳು: "೪೦." ಅವನು: "ಕಡಿಮಿ ಆತು." ಅವಳು: "ನನ್ನ ಬೆಲ್ಟ್ ಕೊಡ್ರಿ." ಅಲ್ಲಿಗೆ ಅವನು ಗಪ್‌ಚಿಪ್. ಮುಂದಿನ ಭಾನುವಾರದವರೆಗೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಕಂಪನಿಯ ಬೆಲ್ಟ್ ಜಾರುತ್ತಲೇ ಇತ್ತು. ತಾಸಿನಲ್ಲಿ ಮುಗಿಯಬೇಕಾದ ಚಾರ್ಜಿಗೆ ಮೂರು ತಾಸು ಹಿಡಿಯುತ್ತಿತ್ತು. ಹೊಳೆವ್ವ, ಅವಳ ತಾಯಿ, ನಡುಗುವ ಕೈಯಿಂದ ಬಿಲ್ಲೆ ಒತ್ತಿ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದಳು. ಚಾರ್ಜರ್ ಕೂಗಿದಾಗಲೆಲ್ಲ ನೀಲಾ ಮಹಾಬಳೇಶ್ವರನಿಗೆ ಒಂದು ಬೈಗುಳ ಸಲ್ಲಿಸುತ್ತಿದ್ದಳು. ಬೆಳಗಿನಿಂದ ಸಂಜೆಯ ತನಕ ಒಬ್ಬನನ್ನೇ ಬೈಯುತ್ತ ಕೂತರೆ ಬೆಳಗಿನಿಂದ ಸಂಜೆಯ ತನಕ ಅವನನ್ನೇ ನೆನೆದಂತಾಯಿತು ಎಂಬುದು ಅವಳ ತಲೆಗೆ ಹೊಳೆದಿರಲಿಲ್ಲ, ಪಾಪ.

* * *

ಖಂಡೆಪೂಜೆಯ ದಿನ ಬಂತು.

ಮಹಾನವಮಿಯಂದು ದುಡಿಯುವ ಸಾಮಾನುಗಳನ್ನೆಲ್ಲ ತೊಳೆದು ಸಾಲಾಗಿಟ್ಟು ಪೂಜೆ ಮಾಡಬೇಕು. ಮಾರನೆಯ ದಿನ, ಬನ್ನಿಯ ದಿನ, ಕಾಯಿ ಒಡೆದು ಪೂಜೆ ಇಳಿಸುವವರೆಗೆ ಯಾವುದನ್ನೂ ಮುಟ್ಟುವಂತಿಲ್ಲ. ಶೇಖಪ್ಪನ ಕುಡಗೋಲು, ಗುದ್ದಲಿ, ಟೆಂಪೋದ ಸ್ಪ್ಯಾನರುಗಳ ಪಕ್ಕದಲ್ಲಿ ಹೊಲಿಗೆ ಮಶೀನು ಕೂತಿತು. ಕತ್ತರಿ, ಟೇಪು, ಇಸ್ತ್ರಿಪೆಟ್ಟಿಗೆ ಕೂತವು. ಇದು ಈ ಮನೆಯಲ್ಲಿ ಮಶೀನಿಗೆ ಕೊನೆಯ ಪೂಜೆ ಎಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಆಡಲಿಲ್ಲ.

ಹೊಳೆವ್ವ ಒಳಗೆ ಹೋಗಿ ಇನ್ನೆರಡು ಸಾಮಾನು ತಂದಿಟ್ಟಳು. ರಿಮೋಟು ಮತ್ತು ಚಾರ್ಜರ್.

"ಯವ್ವಾ, ಅದ್ಯಾಕ?"

"ಎಲ್ಲಾಕಿಂತ ಮೊದಲ ಇದಕ್ಕ ಮಾಡಬೇಕು. ನಿನ್ನ ಕಾಲು ನಡಸೂದು ಇದ ಅಲ್ಲೇನು?"

ನೀಲಾ ಅಡ್ಡಿ ಹೇಳಬೇಕೆಂದುಕೊಂಡಳು. ಅವ್ವನ ಮುಖದಲ್ಲಿದ್ದ ಭಕ್ತಿ ಕಂಡು ಕೈಬಿಟ್ಟಳು. ಯಂತ್ರದಲ್ಲಿ ನೂರಕ್ಕೆ ಮೂವತ್ತೈದು ಚಾರ್ಜ್ ಇದೆ, ನಾಳೆಯವರೆಗೆ ಸಾಕಾದೀತು ಎಂದುಕೊಂಡಳು. ಹೊಳೆವ್ವ ರಿಮೋಟಿಗೆ ವಿಭೂತಿ ಬಳಿದಳು, ಬಿಲ್ಲೆಗೆ ಕುಂಕುಮ ಹಚ್ಚಿದಳು. ಚೆಂಡುಹೂವಿನಿಂದ ಅರಿಶಿಣ ನೀರನ್ನು ಎಲ್ಲದರ ಮೇಲೆ ಚಿಮುಕಿಸಿದಳು. ಚಾರ್ಜರಿಗೆ ಅಕ್ಕರೆಯಿಂದ ಇನ್ನೆರಡು ಸಲ.

ಮರುದಿನ ಬೆಳಿಗ್ಗೆ ಬಚ್ಚಲಿನಿಂದ ಹೊರಬರುವಾಗ ಜುಮುಜುಮು ನಿಂತಿತು.

ಮೊದಲು ಹೆಬ್ಬೆರಳು, ಆಮೇಲೆ ಮೀನಖಂಡ, ಆಮೇಲೆ ಸೊಂಟದವರೆಗೆ ಉರಿ ಹತ್ತಿಕೊಂಡಿತು. ಐದು ತಿಂಗಳ ಹಿಂದಿನ ಆ ಪೂರಾ ಉರಿ ಒಂದಿಷ್ಟೂ ಬದಲಾಗಿರಲಿಲ್ಲ. ಹೊಳೆವ್ವ ಗಡಿಬಿಡಿಯಿಂದ ಪೂಜೆ ಇಳಿಸಿ ಚಾರ್ಜರ್ ತಂದಳು. ಅದು ಹತ್ತಲಿಲ್ಲ. ಪಿನ್ನು ಹಾಕುವ ತೂತಿನಲ್ಲಿ ಅರಿಶಿಣ ಒಣಗಿ ಹೆಪ್ಪುಗಟ್ಟಿತ್ತು.

ಹೊಳೆವ್ವ ಇಂಜಿನಿಯರಿಗೆ ಫೋನ್ ಹಚ್ಚು ಎಂದು ಮಗನಿಗೆ ಹೇಳಿದಳು.

"ಅವಂಗ ಹಚ್ಚಬ್ಯಾಡ್ರಿ," ನೀಲಾ ಗೋಡೆಗೆ ಹಣೆಯೊತ್ತಿ ಹಲ್ಲು ಕಚ್ಚಿದಳು. "ಸತ್ತರೂ ಬ್ಯಾಡ."

ಶೇಖಪ್ಪ ಆಗಲೇ ಹಚ್ಚಿಯಾಗಿತ್ತು.

* * *

ಹಬ್ಬದ ದಿನ, ಕಚೇರಿಗೆ ರಜೆ. ಹಳಿಯಾಳದಿಂದ ಕಲಘಟಗಿ ಹಾಯ್ದು ಪಾಳಾಕ್ಕೆ ಎರಡು ತಾಸಿನ ಮೇಲಿನ ದಾರಿ. ಆದರೂ ಹತ್ತೂವರೆಗೆಲ್ಲ ಬೈಕು ಅಂಗಳದಲ್ಲಿತ್ತು. ಅದಕ್ಕೂ ಪೂಜೆಯಾಗಿ, ಹೆಡ್‌ಲೈಟಿಗೆ ಕಟ್ಟಿದ ಚೆಂಡುಹೂವಿನ ಮಾಲೆ ಗಾಳಿಗೆ ಹರಿದು ಅರ್ಧ ಉಳಿದಿತ್ತು.

ಮಹಾಬಳೇಶ್ವರ ಚಾರ್ಜರ್ ನೋಡಿದ. ಅರಿಶಿಣ ನೋಡಿದ. ಹೊಳೆವ್ವನನ್ನು ಬೈಯುತ್ತಾನೆಂದು ಎಲ್ಲರೂ ಕಾದರು. ಅವನು ಚೀಲದಿಂದ ಬೇರೆ ಚಾರ್ಜರ್ ತೆಗೆದು ಅವಳ ಕೈಗೆ ಕೊಟ್ಟು, ಬಿಲ್ಲೆ ಎಲ್ಲಿ ಒತ್ತಬೇಕೆಂದು ದೂರದಿಂದಲೇ ಹೇಳಿ, ತಾನು ಪಡಸಾಲೆಯಲ್ಲಿ ಬೆನ್ನು ತಿರುಗಿಸಿ ಕೂತ. ಮುಕ್ಕಾಲು ತಾಸು ಕಳೆದು ಒಳಗಿನಿಂದ ನೀಲಾಳ ನಿಟ್ಟುಸಿರು ಕೇಳಿಸಿತು. ಆಗ ಅವನ ಹೆಗಲು ಇಳಿದದ್ದನ್ನು ಹೊಳೆವ್ವ ಮಾತ್ರ ಕಂಡಳು.

ನೀಲಾ ಕೋಲು ಹಿಡಿದು ಹೊರಬಂದಳು. ಮುಖ ಬಿಳಿಚಿತ್ತು, ಕಣ್ಣು ಮಾತ್ರ ಕೆಂಡ.

"ಸಾಕಾತೇನು? ನಾಳೆ ಹೊಲಿಗಿ ಮಶೀನೂ ಮನಿ ಬಿಟ್ಟ ಹೊಕ್ಕೇತಿ. ನೀವು ಅಂದಂಗ ಆತು. ಇನ್ನ ನಾಲ್ಕು ಸಾಕು ನಂಗ, ಬಿದ್ದುಕೊಂಡಿರಾಕ."

"ಮಶೀನ ಎಲ್ಲಿ ಹೊಕ್ಕೇತಿ?"

"ನೀವ ಹೇಳೀರಲ್ಲ ನಮ್ಮಣ್ಣಗ, ಹೊಲಿಗಿ ಬಿಡಸ್ರಿ ಅಂತ."

ಮಹಾಬಳೇಶ್ವರ ಶೇಖಪ್ಪನ ಕಡೆ ತಿರುಗಿದ. ದನಿ ಏರಿಸಲಿಲ್ಲ.

"ನಾ ಹಂಗ ಹೇಳೇನೇನ್ರಿ?"

ಶೇಖಪ್ಪ ನೆಲ ಕೆದರಿದ. ಸದ್ಯಕ್ಕೆ ನಾಲ್ಕರ ಮೇಲೆ ಬೇಡ ಎಂದಷ್ಟೇ ಇಂಜಿನಿಯರ್ ಹೇಳಿದ್ದು, ನಾಲ್ಕರಲ್ಲಿ ಇವಳು ಹೊಲಿಯಲಾರಳು ಎಂದ ಮೇಲೆ ಬಿಡಿಸುವುದೇ ವಾಸಿ ಎಂದು ತಾನೇ ಅಂದುಕೊಂಡದ್ದು ಎಂದು ತಡವರಿಸಿದ. ಆಮೇಲೆ ಯಾರೂ ಕೇಳದೆ ಇನ್ನೊಂದು ಮಾತು ಬಂತು. "ಆ ದಿನ ಟೆಂಪೋ ಓಡಸ್ತಿದ್ದವ ನಾನ. ಆಕಿ ಆ ಮಶೀನಿನ ಮುಂದ ಕುಂತು ಮುಖ ಕಿವಿಚಿದಾಗೆಲ್ಲ ನಂಗ ಟೆಂಪೋ ಮತ್ತೊಮ್ಮಿ ಮಗುಚಿದಂಗ ಆಕ್ಕೇತಿ."

ನೀಲಾ ಅಣ್ಣನನ್ನು ನೋಡಿದಳು. ಎರಡು ವರ್ಷದಲ್ಲಿ ಅವನು ಈ ಮಾತು ಆಡಿರಲಿಲ್ಲ. ಅವಳಿಗೆ ಅವನನ್ನು ಬೈಯಲಾಗಲಿಲ್ಲ, ಸಿಟ್ಟನ್ನು ಎಲ್ಲಿಡಬೇಕೆಂದೂ ತಿಳಿಯಲಿಲ್ಲ. ಹಾಗಾಗಿ ಅದೂ ಮಹಾಬಳೇಶ್ವರನ ಪಾಲಿಗೇ ಬಂತು.

"ಆತು, ಅದು ನಮ್ಮಣ್ಣಂದು. ಕೀಲಿ ಯಾರದು? ಕಾರಣ ಈಗರೇ ಹೇಳ್ತೀರೇನು?"

ಅವನ ಕಣ್ಣು ಒಮ್ಮೆ ಬಾಗಿಲ ಕಡೆ ಹೋಗಿ ಬಂತು.

"ಅವ್ರನ್ನ ಬೈಬ್ಯಾಡ." ಬಾಗಿಲಲ್ಲಿ ನಿಂತಿದ್ದ ಹೊಳೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾನ ಫೋನ್ ಮಾಡಿದ್ದೆ. ನೀ ಆರಕ್ಕ ಏರಿಸಿಕೊಂಡು ಹೊಲದು, ಹಂಗ ಹೋಗಿ ಮಕ್ಕೊಂಡಿದ್ದಿ. ಮಲಗಿದ ಕೂಡ್ಲೆ ಮೈಯೆಲ್ಲಾ ಝಾಡಿಸಿ ಹೊರಸಿನಿಂದ ಬಿದ್ದಿ. ನಂಗ ಜೀವ ಹೋದಂಗ ಆತು. ನಾ ಹೇಳೇನಿ ಅಂತ ಹೇಳಬ್ಯಾಡ್ರಿ, ಮಗಳು ನನ್ನ ಜೋಡಿ ಮಾತು ಬಿಡ್ತಾಳ ಅಂತ ಆಣಿ ಹಾಕಿದ್ದೆ."



ಇಷ್ಟು ದಿನ ಅವಳ ಬೈಗುಳ, ಸಿಡುಕು, ಮೆಸೇಜು ಎಲ್ಲವನ್ನೂ ಈ ಮನುಷ್ಯ ಅವ್ವನ ಆಣೆಗಾಗಿ ನುಂಗಿಕೊಂಡಿದ್ದನೇ? ಆದರೆ ಅಷ್ಟು ಬೇಗ ಸೋಲುವವಳಲ್ಲ ಅವಳು.

"ಅಂದ್ರೂ ನನ್ನ ಕೇಳಬೇಕಾಗಿತ್ತು," ಎಂದಳು ಮೆಲ್ಲಗೆ. "ನಲವತ್ತು ಸರ್ತಿ ಒತ್ತೀರಿ ಅಂತ ಓದಿದ್ರಿ. ಯಾಕ ಒತ್ತೀರಿ ಅಂತ ಕೇಳಲಿಲ್ಲ."

ಮಹಾಬಳೇಶ್ವರ ತಲೆಯೆತ್ತಿದ. ಈ ಮಾತು ಅವನಿಗೆ ನಾಟಿತ್ತು.

"ಖರೆ. ಕೇಳಬೇಕಾಗಿತ್ತು." ಮಶೀನಿನ ಕಡೆ ಕೈ ತೋರಿಸಿದ. "ಹೊಲಿಯಾಕ ಹೆಂಗ ಕೂಡ್ತೀರಿ, ತೋರಸ್ರಿ."

ಶೇಖಪ್ಪ ಮಶೀನನ್ನು ಕಿಟಕಿಯ ಹತ್ತಿರ ತಂದಿಟ್ಟ. ಪೂಜೆಯ ಹೂ ಇನ್ನೂ ಅದರ ಮೇಲಿತ್ತು. ನೀಲಾ ಕೂತು, ಕೆಂಪು ಬಟ್ಟೆ ಸೂಜಿಯ ಕೆಳಗೆ ಸರಿಸಿ, ಮುಂದಕ್ಕೆ ಬಗ್ಗಿದಳು. ನಾಲ್ಕರಲ್ಲಿದ್ದ ಜುಮುಜುಮು ಹಾಗೇ ಮಂಕಾಯಿತು. ಅವಳ ಹೆಬ್ಬೆರಳು ಅಭ್ಯಾಸದಂತೆ ಬಟನ್ ಹುಡುಕಿ ಒತ್ತಿತು. ಪೀಂ. ಮತ್ತೆ ಒತ್ತಿತು. ಪೀಂ.

ಅವನು ಅದನ್ನೇ ನೋಡುತ್ತ ನಿಂತ.

"ಇಷ್ಟು ಬಗ್ಗತೀರಿ?"

"ಹೊಲಿಗಿ ಮತ್ತ ಹೆಂಗ ಮಾಡ್ತಾರ? ಮುಗಿಲ ನೋಡಿಕೋತೇನು?"

ಅವನ ತುಟಿಯ ಅಂಚು ಅಲುಗಿತು. ಆಮೇಲೆ, ಪರಿಚಯವಾದಾಗಿನಿಂದ ಮೊದಲ ಬಾರಿ, ಅವನು ಪೂರಾ ಬಿಡಿಸಿ ಹೇಳಿದ. ಬಗ್ಗಿದಾಗ ತಂತಿ ಬೆನ್ನುಹುರಿಯಿಂದ ದೂರ ಸರಿಯುತ್ತದೆ, ಕರೆಂಟು ಸಾಲದು. ಅಂಗಾತ ಮಲಗಿದಾಗ ಹತ್ತಿರ ಬರುತ್ತದೆ, ಅದೇ ಕರೆಂಟು ಹೊಡೆತವಾಗುತ್ತದೆ. ತಾನು ಅವಳನ್ನು ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಮಂಚದ ಮೇಲೆ ಮಲಗಿಸಿ ಅಳತೆ ಹಿಡಿದಿದ್ದ. ಮಶೀನಿನ ಮುಂದೆ ಕೂತ ಟೇಲರಿನ ಅಳತೆ ಹಿಡಿದಿರಲಿಲ್ಲ.

"ಅಳತಿ ತಪ್ಪಿದ್ದು ನಂದು," ಎಂದ.

ಟೇಲರಿನ ಮುಂದೆ ಅದಕ್ಕಿಂತ ದೊಡ್ಡ ತಪ್ಪೊಪ್ಪಿಗೆ ಇನ್ನೇನಿದೆ?

ಅವನು ಅಂಗಳಕ್ಕೆ ಹೋಗಿ ಡಾಕ್ಟರಿಗೆ ಫೋನ್ ಮಾಡಿದ. ಮಾತು ಬಹಳ ಹೊತ್ತು ನಡೆಯಿತು. ಅವನು ಒಂದೇ ಮಾತನ್ನು ಮೂರು ಸಲ ಹೇಳಿದ್ದು ಒಳಗೆ ಕೇಳಿಸಿತು: ಆಕೆಗೆ ತಿಳಿಯುತ್ತದೆ ಸರ್, ಆಕೆಯ ಕೈಗೇ ಕೊಡೋಣ. ಮರಳಿ ಬಂದು ಟ್ಯಾಬ್ ತೆಗೆದ. ರಿಮೋಟಿನಲ್ಲಿ ಈಗ ಎರಡು ದಾರಿ. ಒಂದು ಹೊಲಿಗೆಗೆ, ಏಳರವರೆಗೆ. ಇನ್ನೊಂದು ಮಲಗಲು, ನಾಲ್ಕರವರೆಗೆ. ಮಶೀನಿನಿಂದ ಏಳುವ ಮೊದಲು ಬದಲಿಸಿಕೊಳ್ಳಬೇಕು. ಅದೊಂದು ಅವಳ ಜವಾಬ್ದಾರಿ. ಹತ್ತು ಸಲ ಕೂತು, ಎದ್ದು, ಬದಲಿಸಿ ತೋರಿಸುವವರೆಗೆ ಅವನು ಬಿಡಲಿಲ್ಲ. ಅವಳೂ ಗೊಣಗದೆ ಮಾಡಲಿಲ್ಲ.

ಆಮೇಲೆ ನೀಲಾ ಹೊಲಿಗೆಯ ದಾರಿಗೆ ಹಾಕಿ, ಬಗ್ಗಿ, ಐದೂವರೆಗೆ ಏರಿಸಿದಳು. ರಿಮೋಟು ಕೂಗಲಿಲ್ಲ. ಜುಮುಜುಮು ಕಾಲ್ಬೆರಳಿನ ತನಕ ಇಳಿಯಿತು. ಕಾಲು ಪೆಡಲು ಒತ್ತಿತು, ಮಶೀನು ಓಡಿತು, ಕೆಂಪು ಬಟ್ಟೆಯ ಮೇಲೆ ಒಂದು ಮಾರುದ್ದ ನೇರ ಹೊಲಿಗೆ ಬಿತ್ತು.

ಶೇಖಪ್ಪ ಯಾರಿಗೂ ಹೇಳದೆ ಬಂಕಾಪುರಕ್ಕೆ ಫೋನ್ ಮಾಡಲು ಹಿತ್ತಿಲಿಗೆ ಹೋದ.

* * *

ಹೋಳಿಗೆ ಉಣ್ಣದೆ ಹೊಳೆವ್ವ ಬಿಡಲಿಲ್ಲ. ಹೊತ್ತು ಇಳಿಯುವಾಗ ಊರ ಜನ ಬನ್ನಿ ಮುಡಿದು, ಎಲೆ ಹಂಚುತ್ತ ಮನೆಮನೆಗೆ ಬರತೊಡಗಿದರು. ಮಹಾಬಳೇಶ್ವರ ಚೀಲ ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ನಿಂತ. ನೀಲಾ ಕಟ್ಟೆಯ ಮೇಲೆ ಕೂತಿದ್ದಳು, ಪಕ್ಕದಲ್ಲಿ ಅವನು ಬಿಟ್ಟುಹೋಗಲಿದ್ದ ಹೊಸ ಚಾರ್ಜರು.

"ಒಂದು ಮಾತು ಹೇಳಬೇಕು. ಮುಂದಿನ ತಿಂಗಳಿಂದ ನಾ ಬರೂದಿಲ್ಲ. ನಿಮ್ಮ ಕೇಸು ಹುಬ್ಬಳ್ಳಿಯ ಸುವರ್ಣಾ ಮೇಡಮ್ಮಾರಿಗೆ ವಹಿಸ್ರಿ ಅಂತ ಕಂಪನಿಗೆ ಬರದೇನಿ. ವಾರಾತು."

'ಅಷ್ಟು ಬ್ಯಾಸರಾಗಿ ಹೋದ್ನೇನು ನಾ?' ಬೆಳಗಿನ ಉರಿಗಿಂತ ಇದು ಬೇರೆ ಜಾಗದಲ್ಲಿ ಹತ್ತಿತು.

"ಚಲೋ ಆತು," ಎಂದಳು ಬಿಗಿಯಾಗಿ. "ಹೋಗೂ ಮುಂದ ನನ್ನ ಬೆಲ್ಟ್ ಕೊಟ್ಟ ಹೋಗ್ರಿ. ನಿಮ್ಮ ಕಡೆ ನಂದೇನೂ ಉಳಿಯಬಾರದು."

ಅವನು ಚೀಲದ ತಳದಿಂದ ಕೆಂಪು ಬೆಲ್ಟ್ ತೆಗೆದು ಕಟ್ಟೆಯ ಮೇಲಿಟ್ಟ.

ನೀಲಾ ಕೈಗೆತ್ತಿಕೊಂಡು ತಿರುಗಿಸಿದಳು. ಹಿಂದಿನ ಆರು ಹುಕ್ಕುಗಳಿರಲಿಲ್ಲ. ಅವುಗಳ ಜಾಗದಲ್ಲಿ ಬಟ್ಟೆಯ ನಾಲ್ಕು ಲಾಡಿಗಳನ್ನು ಯಾರೋ ಕೈಯಿಂದ ಹೊಲಿದಿದ್ದರು. ಹೊಲಿಗೆ ಒಂದು ಕಡೆ ಇರುವೆಯಷ್ಟು, ಇನ್ನೊಂದು ಕಡೆ ಹುಣಸೆಬೀಜದಷ್ಟು. ದಾರ ಮೂರು ಕಡೆ ಗಂಟಾಗಿತ್ತು. ಬಿಚ್ಚಿ ಮತ್ತೆ ಹೊಲಿದ ತೂತುಗಳು ಬಟ್ಟೆಯ ತುಂಬ ಇದ್ದವು.

"ಇದೇನು?"

"ಹುಕ್ಕು ಕಬ್ಬಣದ್ದು ಇತ್ತು. ಚಾರ್ಜ್ ಆಗೂ ಮುಂದ ಅದು ಕಾಯ್ತೈತಿ. ಅದಕ್ಕ ನಿಮಗ ಬರಿ ಬಿದ್ದಿತ್ತು. ಬೆಲ್ಟ್ ಮಾತ್ರ ಕಂಪನೀದಕಿಂತ ಭಾಳ ಚಲೋ ಐತಿ."

"ಅದನ್ನ ಅವತ್ತ ಹೇಳಾಕ ಏನಾಗಿತ್ತು?"

"ಹೇಳಾಕ ಬರೂದಿಲ್ಲ ನಂಗ. ಮಾಡಿ ಕೊಡೂಣು ಅಂದೆ. ಅದೂ ಬರಲಿಲ್ಲ. ಐದು ಸಲ ಬಿಚ್ಚಿ ಹೊಲದೇನಿ."

"ಹಳ್ಯಾಳದಾಗ ಟೇಲರ್ ಇಲ್ಲೇನು?"

"ಅದಾರ." ಅವನು ಬೈಕಿನ ಹೂಮಾಲೆ ನೋಡುತ್ತ ಹೇಳಿದ. "ನಿಮ್ಮದನ್ನ ಬ್ಯಾರೆಯವರ ಕೈಯಾಗ ಕೊಡಾಕ ಮನಸ್ಸಾಗಲಿಲ್ಲ."

ನೀಲಾಳ ಬೆರಳು ಆ ಸೊಟ್ಟ ಹೊಲಿಗೆಯ ಮೇಲೆ ನಿಂತಿತು. ಮೂರು ವಾರ... ಮೂರು ಭಾನುವಾರ "ಬೆಲ್ಟ್ ಕೊಡ್ರಿ" ಎಂದಾಗಲೆಲ್ಲ ಈ ಮನುಷ್ಯ ಹಳಿಯಾಳದಲ್ಲಿ ಸೂಜಿ ಹಿಡಿದು ಬೆರಳು ಚುಚ್ಚಿಕೊಳ್ಳುತ್ತಿದ್ದನೇ?

"ಮತ್ತ ನನ್ನ ಕೇಸು ಯಾಕ ಬಿಟ್ರಿ?"

ಈ ಸಲ ಅವನು ಅವಳ ಕಣ್ಣನ್ನೇ ನೋಡಿದ.

"ಕೀಲಿ ನನ್ನ ಕೈಯಾಗ ಇರೂತನಕ ನಾ ನಿಮ್ಮನ್ನ ಏನ ಕೇಳಿದ್ರೂ ತಪ್ಪ ಆಕ್ಕೇತಿ. ನಿಮ್ಮ ಉರಿ ಏರಸಾಂವ ಇಳಸಾಂವ ನಾನಾದ್ರ, ನೀವು ನಂಗ ಇಲ್ಲ ಅನ್ನಾಕ ಹೆದರತೀರಿ. ಈಗ ಕೀಲಿ ನಿಮ್ಮ ಕೈಯಾಗ ಐತಿ. ಕೇಸು ಮೇಡಮ್ಮಾರ ಕಡೆ ಐತಿ. ಈಗ ಕೇಳಬೌದು."

"ಕೇಳಿ, ನಾ ಇಲ್ಲ ಅಂದ್ರ?"

"ಬೈಕ್ ಹತ್ತಿ ಹೋಗ್ತೇನಿ. ನಿಮ್ಮ ಮಶೀನು ನಡದ ಇರ್ತೈತಿ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

ಅಲ್ಲಿ ಸೋತಳು ನೀಲಾ. ಎರಡು ವರ್ಷದಿಂದ ಅವಳ ಮೈಯ ಬಗ್ಗೆ ಡಾಕ್ಟರು, ಅಣ್ಣ, ಅವ್ವ, ಕಂಪನಿ ಎಲ್ಲರೂ ನಿರ್ಧಾರ ಮಾಡಿದ್ದರು, ಎಲ್ಲರೂ ಅವಳ ಒಳ್ಳೆಯದಕ್ಕೇ. ಇಲ್ಲ ಅನ್ನುವ ಹಕ್ಕನ್ನು ಮೊದಲು ಅವಳ ಕೈಗೆ ಕೊಟ್ಟು, ಆಮೇಲೆ ಕೇಳಲು ನಿಂತವನು ಇವನೊಬ್ಬನೇ. ಕಣ್ಣಲ್ಲಿ ನೀರು ತುಂಬಿತು. ಅವನು ಕೂಡಲೇ, ಹುಬ್ಬಳ್ಳಿಯಲ್ಲಿ ಮಾಡಿದಂತೆ, ಮುಖ ಆಚೆ ತಿರುಗಿಸಿದ.

"ತಿರಗಬ್ಯಾಡ್ರಿ," ಎಂದಳು. "ಈ ಸಲ ನೋಡ್ರಿ."

ಅವನು ನೋಡಿದ.

ಬಾಗಿಲಲ್ಲಿದ್ದ ಹೊಳೆವ್ವ ಒಲೆಯ ಮೇಲೆ ಏನೋ ಇಟ್ಟದ್ದು ನೆನಪಾಗಿ ಒಳಗೆ ಹೋದಳು. ಒಲೆ ಆರಿ ಬಹಳ ಹೊತ್ತಾಗಿತ್ತು.

ನೀಲಾ ಬಿಲ್ಲೆಯನ್ನು ಕೆಂಪು ಬೆಲ್ಟಿನ ಕಿಸೆಗೆ ಸೇರಿಸಿ, ಸೀರೆಯ ಮೇಲೆ ಸೊಂಟಕ್ಕೆ ಸುತ್ತಿಕೊಂಡು, ಅವನಿಗೆ ಬೆನ್ನು ಮಾಡಿ ಕೂತಳು. ಚಾರ್ಜರ್ ಜಾಗ ಸಿಗದೆ ಪೀಂ ಪೀಂ ಎಂದು ಕೂಗತೊಡಗಿತು.

"ಲಾಡಿ ಕಟ್ರಿ. ಬಿಗಿ ಆದ್ರ ಹೇಳ್ತೇನಿ."

ಅವನ ಬೆರಳುಗಳು ಒಂದೊಂದೇ ಗಂಟು ಹಾಕಿದವು. ನಾಲ್ಕನೆಯ ಗಂಟಿಗೆ ಕೂಗು ನಿಂತಿತು.

"ಸರಿ ಕುಂತೈತೇನು?" ಅವನ ದನಿ ತೀರ ಹತ್ತಿರದಲ್ಲಿತ್ತು.

"ಕುಂತೈತಿ. ಈಗ ಕೇಳ್ರಿ."

"ದಿನಾ ಈ ಗಂಟು ಹಾಕಾಕ... ನಾ ಬರಲೇನು, ನೀಲಾ?"

ಅವಳು ಕಟ್ಟೆಯ ಮೇಲಿದ್ದ ಬನ್ನಿಯ ಎಲೆಗಳನ್ನು ಹಿಡಿಯಷ್ಟು ತೆಗೆದು, ತಿರುಗಿ, ಅವನ ಅಂಗೈಯಲ್ಲಿಟ್ಟಳು. ಐದು ತಿಂಗಳ ಹಿಂದೆ ಅವನು ರಿಮೋಟು ಇಟ್ಟ ಹಾಗೆಯೇ ಇಟ್ಟು, ಬೆರಳು ಮಡಿಚಿದಳು.

"ನಿಮ್ಮ ಹೊಲಿಗಿ ಎಂಟು ದಿನ ಬಾಳಿಕಿ ಬರೂದಿಲ್ಲ."

"ಬಿಚ್ಚಿ ನೀವ ಹೊಲಕೋರಿ."

"ಬಿಚ್ಚೂದಿಲ್ಲ," ಎಂದಳು. "ಹರದಾಗೊಮ್ಮಿ ನೀವ ಬಂದು ಹೊಲದ ಕೊಡಬೇಕು."

"ಎಷ್ಟು ದಿನ?"

"ಹೊಲಿಗಿ ಕಲಿಯೂತನಕ." ಅವಳು ನಕ್ಕಳು. "ನಾ ಅಂತೂ ಕಲಸೂದಿಲ್ಲ."